ನೀಲಿ ಜೋಡಿ, ಕಂದು ಜೋಡಿ

ಬೆಲ್ ಹೊಡೆದಾಗ ಪಂಪಿನ ಮುಚ್ಚಳ ಅರ್ಧ ತೆರೆದಿತ್ತು. ಪರದೆಯ ಮೇಲೆ ಮೆಕ್ಯಾನಿಕ್‌ನ ಕೈ ಸ್ಪ್ಯಾನರ್ ಹಿಡಿದು ಅಲ್ಲೇ ಕಲ್ಲಾಗಿತ್ತು. ಅದು ಮುಂದಕ್ಕೆ ಆಡಬೇಕಾದರೆ ಕೆಳಗಿನ ಅಣ್ಣನ ಕಂಪ್ಯೂಟರಿನಿಂದ ಮೇಲಿನ ನನ್ನ ಕಂಪ್ಯೂಟರಿಗೆ ವೀಡಿಯೊ ಬರಬೇಕು. ಬರುತ್ತಿರಲಿಲ್ಲ, ತೆವಳುತ್ತಿತ್ತು.

ಟಿಂಗ್ ಟಾಂಗ್ ಅಂದರೆ ಅಪ್ಪ. ಬರೀ ಟಿಂಗ್ ಅಂದರೆ ಅಣ್ಣ. ಈಗ ಹೊಡೆದದ್ದು ಟಿಂಗ್ ಟಾಂಗ್.

ಇಳಿದು ಹೋದೆ. ಅಪ್ಪ ಮಂಚದ ಮೇಲೆ ಕಾಲು ಚಾಚಿಕೊಂಡು ಪೇಪರ್ ಓದುತ್ತಿದ್ದ. ಮಂಡಿ ನೋವು ಬಿಟ್ಟರೆ ಅವನಿಗೆ ಬೇರೇನೂ ಇಲ್ಲ; ಸಂಜೆ ಬೀದಿ ಕೊನೆಯ ಕಟ್ಟೆಯವರೆಗೆ ನಡೆದು ಹೋಗಿ ಹರಟೆ ಹೊಡೆದು ಬರುತ್ತಾನೆ.

"ಚಹಾ ಇಡ್ತೀಯಾ ಪುಟ್ಟಿ?"

ನಮ್ಮ ಮನೆಯಲ್ಲಿ ಅಡುಗೆಮನೆ ಕೆಳಗಿದೆ. ಚಹಾ ಕುಡಿಯುವವರಿಬ್ಬರೂ ಕೆಳಗೇ ಇರುತ್ತಾರೆ. ಮಾಡುವವಳು ಮಾತ್ರ ತಾರಸಿಯ ರೂಮಿನಿಂದ ಇಳಿದು ಬರಬೇಕು. ಅಣ್ಣನಿಗೆ ಮದುವೆಯಾಗಿಲ್ಲ. ಆಗಿದ್ದರೆ ಆ ಬೆಲ್ ಅತ್ತಿಗೆಯ ತಲೆಯ ಮೇಲೆ ಹೋಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಚಹಾ ಇಟ್ಟೆ. ಅಣ್ಣನಿಗೂ ಒಂದು ಲೋಟ ಕೊಟ್ಟೆ. "ಸಕ್ಕರೆ ಕಡಿಮೆ," ಅಂದ. ಮೇಲೆ ಬಂದಾಗ ಮೆಕ್ಯಾನಿಕ್‌ನ ಕೈ ಇನ್ನೂ ಅಲ್ಲೇ ಇತ್ತು.

ಅಣ್ಣ ಕ್ಯಾಮೆರಾ ಹಿಡಿಯುತ್ತಾನೆ. ಫ್ಯಾಕ್ಟರಿ, ಶಾಲೆ, ಕಟ್ಟಡ ಕಟ್ಟುವವರು, ಕರೆದಲ್ಲಿಗೆ ಹೋಗಿ ಶೂಟ್ ಮಾಡಿ ತರುತ್ತಾನೆ. ಕತ್ತರಿಸುವುದು, ಜೋಡಿಸುವುದು, ಮಾತು ಕೂಡಿಸುವುದು, ಬಣ್ಣ ಸರಿ ಮಾಡುವುದೆಲ್ಲ ನಾನು. ಕೊನೆಯಲ್ಲಿ ಚಿತ್ರೀಕರಣ ಮತ್ತು ಸಂಕಲನ ಅಂತ ಅವನ ಹೆಸರು ಬರುತ್ತದೆ. ಆ ಅಕ್ಷರಗಳನ್ನು ಕೂರಿಸುವವಳೂ ನಾನೇ.

ಈ ಸಲ ಪಂಪು ತಯಾರಿಸುವ ಕಂಪನಿಯ ತರಬೇತಿ ಮೇಡಂ ಖುದ್ದಾಗಿ ಮನೆಗೆ ಬಂದಿದ್ದರು. ಹೊಸ ಕೆಲಸಗಾರರಿಗೆ ಪಂಪ್ ಬಿಚ್ಚಿ ಜೋಡಿಸುವುದನ್ನು ಹೇಳಿಕೊಡುವ ಚಿತ್ರ. ನಾಲ್ಕು ಕ್ಯಾಮೆರಾ ಒಂದೇ ಪಂಪನ್ನು ನಾಲ್ಕು ದಿಕ್ಕಿನಿಂದ ನೋಡಿದ್ದವು. ಮೇಡಂ ಮೆಟ್ಟಿಲು ಹತ್ತಿ ನನ್ನ ರೂಮಿಗೆ ಬಂದು, ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಕೂತು, ನಾನು ಕೆಲಸ ಮಾಡುವುದನ್ನು ನೋಡಿದರು. ಎದ್ದು ಹೋಗುವಾಗ ಹೇಳಿದರು: "ಶನಿವಾರ ಕೊಡಿ. ಇದು ಚೆನ್ನಾಗಿ ಬಂದ್ರೆ ನಮ್ಮ ಎಲ್ಲಾ ತರಬೇತಿ ಚಿತ್ರಗಳನ್ನೂ ನಿಮಗೇ ಕೊಡ್ತೀನಿ. ಒಪ್ಪಂದ ನಿಮ್ಮ ಹೆಸರಲ್ಲೇ. ಕ್ಯಾಮೆರಾಗೆ ಯಾರನ್ನ ಕರೀಬೇಕು ಅನ್ನೋದು ನಿಮಗೆ ಬಿಟ್ಟದ್ದು."

ಪಕ್ಕದಲ್ಲೇ ನಿಂತಿದ್ದ ಅಣ್ಣ ಹಲ್ಲು ಕಿರಿದ. ಮೇಡಂ ಹೋದಮೇಲೆ, "ಮೇಡಂಗೆ ತಮಾಷೆ ಜಾಸ್ತಿ," ಅಂದ.

ನನಗೆ ಅದರಲ್ಲಿ ತಮಾಷೆ ಕಾಣಲಿಲ್ಲ. ಆ ಕೆಲಸ ನನಗೆ ಬೇಕಿತ್ತು. ಹಸಿದವನಿಗೆ ಅನ್ನ ಬೇಕಾದ ಹಾಗೆ ಬೇಕಿತ್ತು.

ಮೊದಲು ಅಣ್ಣನ ಫೈಲುಗಳನ್ನು ಕೈಯಲ್ಲಿ ಹಿಡಿಯುವ ಡಿಸ್ಕಿಗೆ ತುಂಬಿಕೊಂಡು ಮೇಲೆ ತರುತ್ತಿದ್ದೆ. ಒಂದು ಸಂಜೆ ಡಿಸ್ಕ್ ವಾಪಸ್ ಕೊಡಲು ಎದ್ದು ನಿಂತಿದ್ದೆ. ಅಪ್ಪನ ಟಿಂಗ್ ಟಾಂಗ್ ಮುಗಿಯುವ ಮೊದಲೇ ಅಣ್ಣನ ಟಿಂಗ್ ಸೇರಿಕೊಂಡಿತು. ಎಲ್ಲಿ ಬೆಂಕಿ ಬಿತ್ತೋ ಅಂತ ಓಡಿದೆ. ಡಿಸ್ಕ್ ಕೈಜಾರಿ ನನಗಿಂತ ಮೊದಲೇ ಕೆಳಗಿಳಿಯಿತು. ಅಪ್ಪನಿಗೆ ಕನ್ನಡಕ ಸಿಕ್ಕಿರಲಿಲ್ಲ. ಅಣ್ಣನಿಗೆ ಚಾರ್ಜರ್ ಸಿಕ್ಕಿರಲಿಲ್ಲ. ಅವತ್ತಿನಿಂದ ಅಣ್ಣನ ಕಾನೂನು: ಡಿಸ್ಕ್ ಮೆಟ್ಟಿಲು ಹತ್ತೋ ಹಾಗಿಲ್ಲ. ಹಾಗಾದರೆ ನಿನ್ನ ರೂಮಿನಲ್ಲೇ ಕೂತು ಕೆಲಸ ಮಾಡ್ತೀನಿ ಅಂದರೆ, "ಬೇಡ ಮಾರಾಯ್ತಿ, ಗಿರಾಕಿಗಳು ಬರ್ತಾರೆ. ನೀನು ತಲೆ ಕೆದರಿಕೊಂಡು ಕೂತಿರ್ತೀಯ."

ಉಳಿದದ್ದು ಗೋಡೆಯೊಳಗಿನ ವೈರು ಒಂದೇ. ಅದರ ವೇಗ ನೋಡಿದರೆ ಪರದೆಯ ಮೂಲೆಯಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್ ಅಂತ ತೋರಿಸುತ್ತಿತ್ತು. ಈಗಿನ ಕಾಲದಲ್ಲಿ ಸಾವಿರ ಅಂದರೇ ಸಾಧಾರಣ; ನೂರು ಅಂದರೆ ಆಮೆ. ನನ್ನ ಕಂಪ್ಯೂಟರ್ ಹಳೆಯದು, ಅದರ ಬೆನ್ನಿನಲ್ಲಿ ವೈರು ಸಿಕ್ಕಿಸುವ ಕಿಂಡಿಯೂ ಹಳೆಯದು, ಹಾಗಾಗಿ ನೂರು ಅಂದುಕೊಂಡೆ. ಅಣ್ಣನಂತೂ ಅದನ್ನು ಡಬ್ಬ ಅಂತಲೇ ಕರೆಯುವುದು. ಹೊಸ ನೆಟ್‌ವರ್ಕ್ ಕಾರ್ಡ್ ಹಾಕಿದರೆ ಡಬ್ಬವೂ ಓಡುತ್ತದೆ ಅಂತ ಓದಿ ತಿಳಿದುಕೊಂಡೆ. ಮುಚ್ಚಳ ಬಿಚ್ಚಿ ನೋಡಿದೆ. ಒಂದೇ ಒಂದು ಗಿಡ್ಡ ಸ್ಲಾಟ್ ಖಾಲಿ ಇತ್ತು. ಅದಕ್ಕೆ ಕೂರುವಂಥದ್ದು ಬೇಕು, ಪಕ್ಕದ ವೀಡಿಯೊ ಕಾರ್ಡಿಗೆ ತಾಗಬಾರದು. ಗಾಜಿನ ಎಳೆಯ ಫೈಬರ್ ವೈರಿನ ಕಾರ್ಡ್ ಬೇಡ, ಗೋಡೆಯಲ್ಲಿರುವುದು ತಾಮ್ರ. ಎರಡೂ ಕಡೆ ಒಂದೇ ಥರದ ಕಾರ್ಡ್ ಹಾಕಿ, ನಡುವೆ ಬೇರೆ ಯಾವ ಪೆಟ್ಟಿಗೆಯೂ ಇಲ್ಲದೆ ನೇರವಾಗಿ ವೈರು ಸಿಕ್ಕಿಸಿದರೆ ಮುಗಿಯಿತು.

ಬುಧವಾರ ಅಣ್ಣನನ್ನು ಎಳೆದುಕೊಂಡು ಅಂಗಡಿಗೆ ಹೋದೆ.

"ಎರಡೂವರೆ ಸಾವಿರ ಸ್ಪೀಡಿಂದು ಎರಡು ಕೊಡಿ," ಅಂದೆ. "ಗಿಡ್ಡ ಸ್ಲಾಟಿಂದು."

ಅಣ್ಣ ಆಗಲೇ ಕಪಾಟಿನಿಂದ ಇನ್ನೊಂದು ಪೆಟ್ಟಿಗೆ ಇಳಿಸಿಕೊಂಡಿದ್ದ. ಅದರ ಮೇಲಿನ ಚಿತ್ರದಲ್ಲಿ ಕಾರ್ಡಿನ ಬೆನ್ನ ಮೇಲೆ ಅಲ್ಯೂಮಿನಿಯಂ ರೆಕ್ಕೆಗಳಿದ್ದವು. "ಹತ್ತು ಸಾವಿರದ್ದೇ ಇದೆಯಲ್ಲ! ಇದನ್ನ ನನ್ನ ಮೆಷಿನ್ನಿಗೆ ಹಾಕಿದ್ರೆ ಸಾಕು. ನಿನಗೆ ಬೇರೆ ಯಾಕೆ?"

"ನಿನ್ನ ಕಡೆ ಹತ್ತು ಸಾವಿರ, ನನ್ನ ಕಡೆ ನೂರು ಇದ್ರೆ ಓಡೋದು ನೂರೇ. ಜೋಡೆತ್ತಿನ ಗಾಡಿ ಕಣೋ. ಒಂದು ಎತ್ತು ಕುಂಟಿದ್ರೆ ಇನ್ನೊಂದೂ ಕುಂಟಬೇಕು."

"ಟ್ಯಾಂಕ್ ದೊಡ್ಡದಾದ್ರೆ ನಲ್ಲೀಲಿ ನೀರು ಜೋರಾಗಿ ಬರಲ್ವಾ?"

"ಜಾಸ್ತಿ ಹೊತ್ತು ಬರುತ್ತೆ. ಜೋರಾಗಿ ಬರಲ್ಲ."

"ಸರ್ ಹೇಳೋದ್ರಲ್ಲೂ ಒಂದು ಪಾಯಿಂಟ್ ಇದೆ ಮೇಡಂ," ಅಂದ ಅಂಗಡಿಯವನು.

"ಏನು ಪಾಯಿಂಟ್?"

ಅವನು ಸ್ವಲ್ಪ ಯೋಚಿಸಿದ. "ಈ ಮಾಡೆಲ್ ತುಂಬಾ ಹೋಗ್ತಿದೆ."

"ನಿನ್ನ ಡಿಸ್ಕುಗಳಿಗೇ ಅಷ್ಟು ವೇಗದಲ್ಲಿ ಓದೋಕೆ ಬರಲ್ಲ," ಅಂದೆ ಅಣ್ಣನಿಗೆ. "ಹತ್ತು ಸಾವಿರ ತಗೊಂಡು ಏನು ಮಾಡ್ತೀಯ? ಉಪ್ಪಿನಕಾಯಿ ಹಾಕ್ತೀಯಾ?"

"ನೋಡಿ," ಅಂದ ಅಣ್ಣ ಅಂಗಡಿಯವನಿಗೆ, ನನ್ನನ್ನು ನೋಡದೆ. "ಎರಡು ವೀಡಿಯೊ ನೋಡಿಬಿಟ್ರೆ ಎಲ್ಲರೂ ಇಂಜಿನಿಯರೇ." ಇಬ್ಬರೂ ನಕ್ಕರು.

ಅಣ್ಣ ರೆಕ್ಕೆಯ ಕಾರ್ಡ್ ತೆಗೆದುಕೊಂಡ. ನಾನು ನನ್ನ ಪರ್ಸಿನ ದುಡ್ಡಿನಲ್ಲಿ ಎರಡೂವರೆ ಸಾವಿರ ಸ್ಪೀಡಿನ ಚಿಕ್ಕದು ಒಂದು ಕೊಂಡೆ. ದೊಡ್ಡದಕ್ಕೆ ಇಳಿದು ಓಡುವುದೂ ಗೊತ್ತು, ನನ್ನದರ ವೇಗಕ್ಕೆ ಹೊಂದಿಕೊಳ್ಳುತ್ತದೆ ಅಂತ ಸಮಾಧಾನ ಮಾಡಿಕೊಂಡೆ. ದಾರಿಯುದ್ದಕ್ಕೂ ಅಣ್ಣ ಆ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದ.

ಎರಡನ್ನೂ ಹಾಕಿದ್ದು ನಾನೇ. ಕೆಳಗೆ ಅವನದು, ಮೇಲೆ ನನ್ನದು. ಗೋಡೆಯ ಸಾಕೆಟ್ಟಿಗೆ ವೈರು ಸಿಕ್ಕಿಸಿ ಪರದೆಯ ಮೂಲೆ ನೋಡಿದೆ.

ನೂರು.

ಕಾರ್ಡ್ ತೆಗೆದು ಮತ್ತೆ ಕೂರಿಸಿದೆ. ನೂರು. ಅದರ ಸಾಫ್ಟ್‌ವೇರ್ ಅಳಿಸಿ ಹೊಸದಾಗಿ ಹಾಕಿದೆ. ನೂರು. ಅಷ್ಟರಲ್ಲಿ ಟಿಂಗ್ ಅಂತು. ಇಳಿದು ಹೋದೆ.

"ಹೇಳಿದ್ನಲ್ಲ," ಅಂದ ಅಣ್ಣ, ಕುರ್ಚಿ ತಿರುಗಿಸಿ. "ಡಬ್ಬ ಡಬ್ಬವೇ. ನಾಯಿ ಬಾಲಕ್ಕೆ ಚಿನ್ನದ ಕೊಳವೆ ಹಾಕಿದ್ರೂ ಡೊಂಕೇ."

"ಇದನ್ನ ಹೇಳೋಕೆ ಕೆಳಗೆ ಕರೆದ್ಯಾ?"

"ಇಲ್ಲ. ಶುಕ್ರವಾರ ಬೆಳಿಗ್ಗೆ ಮೇಡಂಗೆ ಫೋನ್ ಮಾಡ್ತೀನಿ. ನನ್ನ ಫ್ರೆಂಡ್ ಸ್ಟುಡಿಯೋದಲ್ಲಿ ಕಟ್ ಮಾಡಿಸಿ ಕೊಡ್ತೀವಿ ಅಂತೀನಿ. ನಿನ್ನಿಂದ ಶನಿವಾರಕ್ಕೆ ಆಗಲ್ಲ. ಒಪ್ಪಂದ ನಮ್ಮ ಹೆಸರಿಗೇ ಬರುತ್ತೆ, ಚಿಂತೆ ಮಾಡ್ಬೇಡ."

"ನಮ್ಮ ಅಂದ್ರೆ ಯಾರ?"

"ಮನೇದು ಅಂದ್ಮೇಲೆ ನಿಂದು ನಂದು ಅಂತ ಏನಿದೆ?"

ಗುರುವಾರ ಬೆಳಿಗ್ಗೆ ಅವನು ಶೂಟಿಂಗಿಗೆ ಹೋದ ಕೂಡಲೇ ಡಬ್ಬವನ್ನು ಎದೆಗವಚಿಕೊಂಡು ಕೆಳಗಿಳಿದೆ. ಅಪ್ಪ ಪೇಪರಿನ ಮೇಲಿಂದ ನೋಡಿದ. "ಎಲ್ಲಿಗೆ ಹೊರಟೆ?" ಅಂದ. ಅಣ್ಣನ ರೂಮಿನಲ್ಲಿ ಎರಡು ಕಂಪ್ಯೂಟರ್ ಪಕ್ಕಪಕ್ಕ ಇಟ್ಟು, ಒಂದು ತುಂಡು ವೈರಿನಿಂದ ಕಾರ್ಡಿಗೆ ಕಾರ್ಡ್ ಜೋಡಿಸಿದೆ.

ಎರಡೂವರೆ ಸಾವಿರ ಅಂತ ತೋರಿಸಿತು. ಪಂಪಿನ ಒಂದು ಫೈಲ್ ಎಳೆದೆ. ಮೇಲೆ ಬರಲು ಊಟದ ಹೊತ್ತು ಹಿಡಿಯುತ್ತಿದ್ದದ್ದು ಕಣ್ಣೆದುರೇ ಸುರಿದು ಬಿತ್ತು. ನಾಲ್ಕು ಕ್ಯಾಮೆರಾದ್ದನ್ನೂ ಇಲ್ಲೇ ತುಂಬಿಕೊಂಡು ಹೋಗುವಷ್ಟು ಜಾಗ ಮಾತ್ರ ಡಬ್ಬದಲ್ಲಿರಲಿಲ್ಲ.

ನನ್ನ ಕಾರ್ಡ್ ಸರಿಯಿತ್ತು. ಡಬ್ಬವೂ ಸರಿಯಿತ್ತು. ತಪ್ಪು ಗೋಡೆಯೊಳಗಿತ್ತು.

ಡಬ್ಬವನ್ನು ಮತ್ತೆ ಮೇಲೆ ಹೊತ್ತು, ನನ್ನ ಮೇಜಿನ ಹಿಂದಿನ ಸಾಕೆಟ್‌ನ ಫಲಕ ಬಿಚ್ಚಿದೆ. ಗೋಡೆಯಿಂದ ಬಂದ ವೈರಿನ ಹೊದಿಕೆಯನ್ನು ಯಾರೋ ಅಚ್ಚುಕಟ್ಟಾಗಿ ಸುಲಿದಿದ್ದರು. ಒಳಗೆ ಎಂಟು ತಂತಿ, ಎರಡೆರಡು ಹೆಣೆದು ನಾಲ್ಕು ಜೋಡಿ. ಕಿತ್ತಳೆ ಜೋಡಿ, ಹಸಿರು ಜೋಡಿ ಸಾಕೆಟ್ಟಿಗೆ ಸೇರಿದ್ದವು. ನೀಲಿ ಜೋಡಿ, ಕಂದು ಜೋಡಿ ಸಾಕೆಟ್ಟಿಗೆ ಸೇರಿರಲಿಲ್ಲ. ಪೆಟ್ಟಿಗೆಯ ಪಕ್ಕದ ತೂತಿನಿಂದ ಹೊರಗೆ ಹೋಗಿ ಪ್ಲಾಸ್ಟರಿನ ಕೆಳಗೆ ಮಾಯವಾಗಿದ್ದವು.

ಸುಣ್ಣ ಬಳಿದ ಪ್ಲಾಸ್ಟರಿನಲ್ಲಿ ಬೆರಳಗಲದ ಉಬ್ಬು. ಅದರ ಮೇಲೆ ಬೆರಳಿಟ್ಟುಕೊಂಡು ಹೋದೆ. ಮೇಜು ದಾಟಿತು, ಬಾಗಿಲ ಚೌಕಟ್ಟು ಹತ್ತಿತು, ಬಾಗಿಲ ನೆತ್ತಿಯ ಮೇಲೆ ನಿಂತಿತು. ಅಲ್ಲಿ ಬೆಲ್ ಇತ್ತು.

ನೀಲಿ ಜೋಡಿ ಅಪ್ಪನ ಟಿಂಗ್ ಟಾಂಗ್. ಕಂದು ಜೋಡಿ ಅಣ್ಣನ ಟಿಂಗ್. ನಾನು ಕಾರ್ಡುಗಳ ಬಗ್ಗೆ ಓದಿ ಓದಿ ಕಣ್ಣು ಕೆಂಪು ಮಾಡಿಕೊಂಡಿದ್ದೆ. ನನ್ನ ಅರ್ಧ ವೈರನ್ನು ಇವರು ನನ್ನನ್ನು ಕೆಳಗೆ ಕರೆಯುವುದಕ್ಕೆ ಇಟ್ಟುಕೊಂಡಿದ್ದರು.

ಫಲಕವನ್ನು ಕೈಯಲ್ಲಿ ಹಿಡಿದೇ ಕೆಳಗೆ ಹೋದೆ.

"ಅಪ್ಪಾ, ಮೇಲಕ್ಕೆ ಎಳೆದ ವೈರಲ್ಲೇ ಬೆಲ್ಲೂ ಸೇರಿಸಿದ್ದೀಯಾ?"

ಅಪ್ಪ ಪೇಪರ್ ಇಳಿಸಿದ. ಕೆಲಸ ಬಿಡುವವರೆಗೂ ಟೆಲಿಫೋನ್ ಲೈನ್‌ಮನ್ ಆಗಿದ್ದವನು. ಮುಖ ಅರಳಿತು. "ಈಗ ಗೊತ್ತಾಯ್ತಾ? ಅದರಲ್ಲಿ ಎಂಟು ತಂತಿ ಇರುತ್ತೆ. ನೆಟ್‌ವರ್ಕಿಗೆ ನಾಲ್ಕು ಸಾಕು. ಇನ್ನು ನಾಲ್ಕು ಸುಮ್ನೆ ಬಿದ್ದಿರುತ್ತೆ. ನಮ್ಮ ಕೆಲಸದಲ್ಲಿ ಖಾಲಿ ಜೋಡಿ ಬಿಟ್ಟವನನ್ನ ಲೈನ್‌ಮನ್ ಅಂತ ಕರೀತಿರಲಿಲ್ಲ."

"ನೂರರ ವೇಗಕ್ಕೆ ನಾಲ್ಕು ಸಾಕು. ಅದರ ಮೇಲೆ ಹೋಗಬೇಕಾದ್ರೆ ಎಂಟೂ ಬೇಕು."

"ಆಗ ಅಷ್ಟೆಲ್ಲ ಯಾರು ಕೇಳಿದ್ರು?"

"ಈಗ ನಾನು ಕೇಳ್ತಿದ್ದೀನಿ. ಗೋಡೆಯೊಳಗಿನ ವೈರ್ ಪೈಪಲ್ಲಿ ಇನ್ನೊಂದು ವೈರ್ ಎಳೀಬಹುದಾ?"

"ಅದರಲ್ಲಾ? ಬೆಂಡಿನಲ್ಲಿ ಸಿಮೆಂಟ್ ಕೂತಿದೆ. ಇದನ್ನೇ ಸೋಪು ಹಚ್ಚಿ ಎಳೆದದ್ದು. ಸೂಜಿ ಕೂಡ ಹೋಗಲ್ಲ."

"ಹಾಗಾದ್ರೆ ಬೆಲ್ ತೆಗೀತೀನಿ."

ಅಪ್ಪ ಪೇಪರನ್ನು ನಾಲ್ಕಾಗಿ ಮಡಿಸಿ ಪಕ್ಕಕ್ಕಿಟ್ಟ. "ಅದು ನಿಮ್ಮಮ್ಮನಿಗೆ ಅಂತ ಹಾಕಿದ ಬೆಲ್ಲು."

ಹೌದು. ಅಮ್ಮ ಹಾಸಿಗೆ ಹಿಡಿದಾಗ ಹಾಕಿದ್ದು. ಆದರೆ ಅಮ್ಮ ಅದನ್ನು ಒತ್ತಿದ್ದು ನನಗೆ ನೆನಪಿಲ್ಲ. ಒತ್ತುತ್ತಿದ್ದವನು ಅಪ್ಪ, ನಾನು ಇಳಿದು ಬಂದಾಗ ಬಾಗಿಲಲ್ಲಿ ನಿಂತು, ನಿಮ್ಮಮ್ಮ ಕರೀತಿದ್ದಾಳೆ ನೋಡು ಅನ್ನುತ್ತಿದ್ದ. ಅಮ್ಮ ಹೋದಮೇಲೆ ಗುಂಡಿ ಅವನ ಮಂಚದ ಪಕ್ಕಕ್ಕೆ ಬಂತು. ಆಮೇಲೆ ಅಣ್ಣ ತನಗೂ ಒಂದಿರಲಿ ಅಂದ. ಖಾಲಿ ಜೋಡಿ ಹೇಗೂ ಇತ್ತು.

ಇದೆಲ್ಲವನ್ನೂ ಅಪ್ಪನಿಗೆ ಹೇಳಿದೆ. ಅವನು ಮಂಡಿ ಸವರಿಕೊಂಡ.

"ನಾನು ಬಿದ್ದುಗಿದ್ದರೆ ಏನು ಗತಿ?"

"ಕೂಗು. ಅಣ್ಣ ಪಕ್ಕದ ರೂಮಲ್ಲೇ ಇರ್ತಾನೆ."

"ಅವನು ಕೆಲಸದಲ್ಲಿರ್ತಾನಮ್ಮ."

"ನಾನು?"

ಅಪ್ಪ ಮಡಿಸಿಟ್ಟ ಪೇಪರಿಗೆ ಕೈ ಚಾಚಿದ. ಅವನು ಕೆಟ್ಟವನಲ್ಲ. ಈ ಪ್ರಶ್ನೆ ಅವನಿಗೆ ಬಂದೇ ಇರಲಿಲ್ಲ. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಮಂಚದ ಕೆಳಗಿದ್ದ ಅವನ ಕಬ್ಬಿಣದ ಪೆಟ್ಟಿಗೆ ಎಳೆದು, ತಂತಿ ಕತ್ತರಿಸುವ ಇಕ್ಕಳ, ಸಾಕೆಟ್ಟಿಗೆ ತಂತಿ ಒತ್ತುವ ಸಾಧನ ತೆಗೆದುಕೊಂಡೆ. ಸಾಮಾನು ಮುಟ್ಟಬೇಡ ಅಂತ ಕೂಗಿದ. ನೀನೇ ಮಾಡಿಕೊಡು ಅಂದೆ. ಗೋಡೆಯ ಕಡೆ ಮುಖ ತಿರುಗಿಸಿದ.

ಮೇಲಿನ ತುದಿ ಸುಲಭವಾಗಿತ್ತು. ನೀಲಿ ಕತ್ತರಿಸಿದೆ, ಕಂದು ಕತ್ತರಿಸಿದೆ. ಸಾಕೆಟ್ಟಿನ ಮೇಲೆಯೇ ಬಣ್ಣ ಗುರುತು ಮಾಡಿರುತ್ತಾರೆ. ಬಣ್ಣಕ್ಕೆ ಬಣ್ಣ ಇಟ್ಟು ಒತ್ತಿದೆ. ಕೆಳಗಿನ ತುದಿ ಅಣ್ಣನ ಮೇಜಿನ ಹಿಂದೆ. ಮೇಜು ಭಾರ. ಅದನ್ನು ಗೋಡೆಯಿಂದ ಸರಿಸಿ ಸಂದಿಯಲ್ಲಿ ಮಂಡಿಯೂರಿ ಕೂತಿದ್ದಾಗ ಅಣ್ಣ ಶೂಟಿಂಗ್ ಮುಗಿಸಿ ಬಂದ.

"ಏಯ್, ಏನು ಮಾಡ್ತಿದ್ದೀಯ?"

"ಬೆಲ್ ತೆಗೀತಿದ್ದೀನಿ."

ಒಳಗಿನಿಂದ ಅಪ್ಪ, "ನೋಡೋ ಅವಳನ್ನ!" ಅಂತ ಕೂಗಿ, ನಾನು ಹೇಳಿದ್ದನ್ನೆಲ್ಲ ಅವನಿಗೆ ಒಪ್ಪಿಸಿದ. ನಾಲ್ಕು ತಂತಿ, ಎಂಟು ತಂತಿ, ಎಲ್ಲ. ಅಣ್ಣನಿಗೆ ಅರ್ಥವಾಯಿತು. ಟ್ಯಾಂಕು ನಲ್ಲಿ ಅನ್ನುತ್ತಾನೆ, ಆದರೆ ದಡ್ಡನಲ್ಲ.

"ಸರಿ," ಅಂದ, ದನಿ ಮೆತ್ತಗೆ ಮಾಡಿ. "ಹೊರಗಿಂದ, ಮೆಟ್ಟಿಲ ಪಕ್ಕ ಇನ್ನೊಂದು ವೈರ್ ಎಳೆಸೋಣ. ಬೆಲ್ ಹಾಗೇ ಇರಲಿ. ಮುಂದಿನ ತಿಂಗಳು ಜನ ಕರೆಸ್ತೀನಿ."

"ಬೆಲ್ಲಿಗೆ ಎಳೆಸ್ಕೊ. ಮುಂದಿನ ತಿಂಗಳು."

"ಎಷ್ಟು ಕೊಬ್ಬು ನಿನಗೆ! ಅಪ್ಪ ವಯಸ್ಸಾದವನು."

"ನಿನ್ನ ಗುಂಡಿಯೂ ಅಪ್ಪನಿಗೇ ಹಾಕಿದ್ದಾ? ಅವತ್ತು ಚಾರ್ಜರ್ ಕೇಳಿದ್ದು ಅಪ್ಪನಾ?"

ಅವನು ಮೇಜಿನ ಅಂಚು ಹಿಡಿದು ನನ್ನ ಕಡೆ ತಳ್ಳಿದ. ಜೋರಾಗಿ ಅಲ್ಲ. ಎದ್ದು ಹೋಗು ಅನ್ನುವಷ್ಟು. ಮೇಜಿನ ಕೊನೆ ಭುಜಕ್ಕೆ ತಾಗಿತು. ನಾನು ಏಳಲಿಲ್ಲ.

"ತಳ್ಳು," ಅಂದೆ. "ತಳ್ಳಿ ನಾಳೆ ಮೇಡಂಗೆ ಫೋನ್ ಮಾಡು. ಆದರೆ ಶಾಲೆಯವರ ಚಿತ್ರ ನನ್ನ ಹತ್ರ ಅರ್ಧ ಆಗಿದೆ. ಕಟ್ಟಡದವರದ್ದು ಶುರುವೇ ಆಗಿಲ್ಲ. ಎರಡೂ ನಿನ್ನ ಹೆಸರಲ್ಲಿ ಒಪ್ಪಿಕೊಂಡದ್ದು. ನಿನ್ನ ಫ್ರೆಂಡ್ ಹತ್ರಾನೇ ಮಾಡಿಸ್ಕೊ. ನಾನು ಇನ್ನು ಮುಂದೆ ಒಂದು ಫ್ರೇಮ್ ಕೂಡ ಮುಟ್ಟಲ್ಲ. ಕೆಳಗಿಳಿದು ಚಹಾ ಮಾಡ್ತಾ ಇರ್ತೀನಿ. ಬೆಲ್ಲೂ ಬೇಕಾಗಲ್ಲ."

ಅವನು ಮೇಜು ಹಿಡಿದುಕೊಂಡೇ ನಿಂತಿದ್ದ. ಲೆಕ್ಕ ಹಾಕುತ್ತಿದ್ದಾನೆ ಅಂತ ಮುಖ ನೋಡಿದರೇ ತಿಳಿಯುತ್ತಿತ್ತು. ಆ ಫ್ರೆಂಡ್ ಪುಕ್ಕಟೆ ಕೆಲಸ ಮಾಡುವವನಲ್ಲ. ನಾನೊಬ್ಬಳೇ ಹಾಗೆ ಮಾಡುತ್ತಿದ್ದವಳು.

"ಹಾಳಾಗಿ ಹೋಗು," ಅಂದು ಕೈ ಬಿಟ್ಟ. "ಮೇಜು ಮೊದಲಿದ್ದ ಜಾಗದಲ್ಲೇ ಇಡು."

"ನಿನ್ನ ಮೇಜು. ನೀನೇ ಇಟ್ಕೊ."

ಎಂಟು ತಂತಿಯನ್ನೂ ಒತ್ತಿದೆ. ಗುಂಡಿಗೆ ಹೋಗುತ್ತಿದ್ದ ತುಂಡುಗಳು ಗೋಡೆಯಿಂದ ಮೀಸೆಯ ಹಾಗೆ ಹೊರಗೆ ಚಾಚಿಕೊಂಡಿದ್ದವು. ಮುಚ್ಚಲಿಲ್ಲ. ಮೇಲೆ ಬಂದು ಕಾರ್ಡಿನ ದೀಪ ನೋಡಿದೆ. ಬಣ್ಣ ಬದಲಾಗಿತ್ತು. ಪರದೆಯ ಮೂಲೆಯಲ್ಲಿ ಎರಡೂವರೆ ಸಾವಿರ. ಮೆಕ್ಯಾನಿಕ್ ತಡೆಯಿಲ್ಲದೆ ಮುಚ್ಚಳ ಬಿಚ್ಚಿದ, ಒಳಗಿನ ರಬ್ಬರ್ ಉಂಗುರ ತೆಗೆದು ತೋರಿಸಿದ. ನಾಲ್ಕು ಕ್ಯಾಮೆರಾದಲ್ಲೂ ಒಟ್ಟಿಗೇ ತೋರಿಸಿದ. ಆ ಮನುಷ್ಯನ ಉಗುರಿನ ಕೊಳೆ ಕೂಡ ಇಷ್ಟು ಸ್ಪಷ್ಟವಾಗಿದೆ ಅಂತ ನಾನು ಮೊದಲ ಸಲ ನೋಡಿದೆ.

ಶುಕ್ರವಾರ ಅಣ್ಣ ಫೋನ್ ಮಾಡಲಿಲ್ಲ. ಮಧ್ಯಾಹ್ನ ಏದುಸಿರು ಬಿಡುತ್ತಾ ನನ್ನ ಬಾಗಿಲಿಗೆ ಬಂದು ನಿಂತ. ಮೇಡಂ ಬಂದ ದಿನ ಬಿಟ್ಟರೆ ಅವನು ಈ ಮೆಟ್ಟಿಲು ಹತ್ತಿದ್ದೇ ನನಗೆ ಗೊತ್ತಿಲ್ಲ.

"ಎಷ್ಟು ಎತ್ತರ ಇದೆ ಇದು," ಅಂದ.

"ಯಾವಾಗ್ಲೂ ಇಷ್ಟೇ ಇತ್ತು. ಏನು ಬೇಕಿತ್ತು?"

"ಚಹಾ ಪುಡಿ ಎಲ್ಲಿಟ್ಟಿದ್ದೀಯ?"

"ಒಲೆ ಮೇಲಿನ ಶೆಲ್ಫಲ್ಲಿ. ನಿನ್ನ ಮೂಗಿನ ನೇರಕ್ಕೆ."

"ಕೊನೇಲಿ ಹೆಸರು ಹಾಕುವಾಗ..." ಅಂತ ಶುರು ಮಾಡಿದ.

"ಚಿತ್ರೀಕರಣ ನಿಂದು. ಹಾಕಿದ್ದೀನಿ. ಹೋಗು."

ಶನಿವಾರ ಬೆಳಿಗ್ಗೆ ಚಿತ್ರ ಕಳಿಸಿದೆ. ಸಂಜೆ ಮೇಡಂ ಫೋನ್ ಮಾಡಿ ಎರಡು ಕಡೆ ತಿದ್ದುಪಡಿ ಹೇಳಿದರು. ಆಮೇಲೆ, ಮುಂದಿನ ವಾರ ಆಫೀಸಿಗೆ ಬಂದು ಸಹಿ ಹಾಕಿ ಅಂದರು. ಹೊಗಳಲಿಲ್ಲ. ನನಗೆ ಹೊಗಳಿಕೆ ಬೇಕಾಗಿಯೂ ಇರಲಿಲ್ಲ.

ಅಪ್ಪ ಇನ್ನೂ ನನ್ನ ಜೊತೆ ಮಾತಾಡುತ್ತಿಲ್ಲ. ಆದರೆ ನಮ್ಮ ಮನೆಯವರು ಅಷ್ಟು ಸುಲಭಕ್ಕೆ ಸೋಲುವ ಪೈಕಿ ಅಲ್ಲ. ಅವನ ಮಂಚದ ಪಕ್ಕದಿಂದ ನನ್ನ ರೂಮಿನ ಗೋಡೆಗುಂಟ ತಾರಸಿಯ ಟ್ಯಾಂಕಿಗೆ ಕಬ್ಬಿಣದ ನೀರಿನ ಪೈಪೊಂದು ಹೋಗಿದೆ. ಭಾನುವಾರ ನಾನು ತಿದ್ದುಪಡಿಗೆ ಕೂತಿದ್ದೆ. ಪೈಪು ಠಣ್ ಅಂತು. ಚಮಚದ ಸದ್ದು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಠಣ್, ಠಣ್. ಖಾಲಿ ಇದ್ದದ್ದನ್ನು ಉಪಯೋಗಿಸದೆ ಬಿಡುವವನಲ್ಲ ನಮ್ಮಪ್ಪ.

ಹೆಡ್‌ಫೋನ್ ತೆಗೆದಿಟ್ಟು ಎದ್ದೆ. ಮೆಟ್ಟಿಲ ತುದಿಗೆ ಬಂದು ನಿಂತೆ. ಕೆಳಗೆ ಅಣ್ಣನ ರೂಮಿನ ಬಾಗಿಲು ತೆರೆದಿತ್ತು. ಅವನ ಕಾಲು ಮೇಜಿನ ಮೇಲಿತ್ತು. ಮೇಜು ಇನ್ನೂ ಗೋಡೆಯಿಂದ ಸರಿದೇ ನಿಂತಿತ್ತು.

"ಅಣ್ಣಾ!" ಅಂತ ಕೂಗಿದೆ, ಪಕ್ಕದ ಮನೆಯವರಿಗೂ ಕೇಳಿಸುವ ಹಾಗೆ. "ಅಪ್ಪ ಕರೀತಿದ್ದಾನೆ ನೋಡು!"

ಕಾಲು ಮೇಜಿನಿಂದ ಇಳಿಯುವವರೆಗೂ ಅಲ್ಲೇ ನಿಂತಿದ್ದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ.